ಕರುಳಿಗೂ ಅನ್ನ ಬೇಕು

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯವೆಂಬುದನ್ನು ಎಲ್ಲರೂ ಬಲ್ಲರು. ಎಷ್ಟು ಇಕ್ಕಬೇಕು, ಹೇಗೆ ಇಕ್ಕಬೇಕು ಎಂಬುದನ್ನು ಬಲ್ಲವರು ವಿರಳ. ಈ ವಿವೇಕದ ಒಂದು ಮೂಲವು ಸಣ್ಣಕರುಳಿನ ಸ್ವಭಾವದಲ್ಲಿದೆ.

ವಯಸ್ಕರಲ್ಲಿ ಸುಮಾರು 6 ಮೀಟರು ಉದ್ದವಿರುವ ಈ ನಳಿಗೆಯ ಒಳಪೊರೆಯಲ್ಲಿ ರಸಾಂಕುರಗಳೆಂಬ ಬೆರಳಿನಾಕಾರದ ಸೂಕ್ಷ್ಮ ಮೊನೆಗಳು ದಟ್ಟವಾಗಿವೆ. ಅವನ್ನು ಹೊದೆದ ಜೀವಕೋಶಗಳು 3ರಿಂದ 5 ದಿನಗಳಲ್ಲಿ ಉದುರಿ, ಹೊಸವು ಆ ಸ್ಥಾನಕ್ಕೆ ಬರುತ್ತವೆ. ಈ ನಿತ್ಯನಿರ್ಮಾಣಕ್ಕೆ ಬೇಕಾದ ಪ್ರೋಟೀನಿನ ಸಾಮಗ್ರಿಯು ರಕ್ತದಿಂದ ಮಾತ್ರವಲ್ಲದೆ, ಕರುಳಿನಲ್ಲಿ ಹಾಯುವ ಆಹಾರದಿಂದಲೂ ನೇರವಾಗಿ ಒದಗುತ್ತದೆ. ಆದುದರಿಂದಲೇ, ಪ್ರಾಣಿಗಳಿಗೆ ಪೋಷಕಾಂಶಗಳನ್ನೆಲ್ಲ ರಕ್ತನಾಳದ ಮೂಲಕವೇ ಕೊಟ್ಟಾಗ ದೇಹವು ಉಳಿದರೂ ಕರುಳಿನ ಒಳಪೊರೆಯು ಸೊರಗುವುದು ಕಂಡುಬಂದಿದೆ.

ಇಲಿಗಳನ್ನು ಎರಡು ಮೂರು ದಿನ ಉಪವಾಸವಿರಿಸಿದರೆ, ದೇಹದ ತೂಕವು ಇಳಿಯುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಒಳಪೊರೆಯ ಪ್ರೋಟೀನು ಕ್ಷಯಿಸುತ್ತದೆ; ರಸಾಂಕುರಗಳು ಗಿಡ್ಡಾಗುತ್ತವೆ. ಆಹಾರವಿತ್ತರೆ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತವೆ. ಆದರೆ ಎಲ್ಲ ಪ್ರೋಟೀನುಗಳೂ ಒಂದೇ ರೀತಿ ಕುಗ್ಗುವುದಿಲ್ಲ. ಪ್ರೋಟೀನಿನ ಸಣ್ಣ ತುಣುಕುಗಳನ್ನು ಒಳಕ್ಕೆ ಒಯ್ಯುವ 'ಪೆಪ್ಟ್-1' ಎಂಬ ವಾಹಕವು ಉಪವಾಸದಲ್ಲಿ ಹೆಚ್ಚುತ್ತದೆ. ಮನೆ ಬಡವಾದರೂ, ಬಂದ ತುತ್ತನ್ನು ಬರಮಾಡಿಕೊಳ್ಳಲು ಬಾಗಿಲು ಸಿದ್ಧವಾಗಿರುತ್ತದೆಂದು ಇದನ್ನು ಭಾವಿಸಬಹುದು.

ಇದಕ್ಕೆ ಪರಮೋದಾಹರಣೆ ಬರ್ಮಾದ ಹೆಬ್ಬಾವು. ತಿಂಗಳುಗಟ್ಟಲೆ ಉಪವಾಸವಿರಬಲ್ಲ ಈ ಪ್ರಾಣಿಯು ಬೇಟೆಯನ್ನು ನುಂಗಿದ ಒಂದೆರಡು ದಿನಗಳಲ್ಲಿ ಅದರ ಸಣ್ಣಕರುಳಿನ ತೂಕವು ಇಮ್ಮಡಿಯಾಗುತ್ತದೆ. ಜೀರ್ಣಕಾರ್ಯವು ಮುಗಿದ ಮೇಲೆ ಮತ್ತೆ ಕುಗ್ಗುತ್ತದೆ.

ಮನುಷ್ಯನ ಕರುಳಿಗೆ ಅಂತಹ ವೇಗವಿಲ್ಲ. ತೀವ್ರ ಅಪೌಷ್ಟಿಕತೆಗೆ ಈಡಾದ ಮಗುವಿನಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವವು ಕುಂದಿರುತ್ತದೆ. ಯಕೃತ್ತು, ಮೂತ್ರಪಿಂಡಗಳೂ ದುರ್ಬಲವಾಗಿರುತ್ತವೆ. ಒಮ್ಮೆಗೇ ಹೊಟ್ಟೆ ತುಂಬ ಉಣಿಸಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ, ಮೊದಲು 100 ಮಿಲಿಲೀಟರಿಗೆ 0.9 ಗ್ರಾಂ ಮಾತ್ರ ಪ್ರೋಟೀನುಳ್ಳ 'ಎಫ್-75' ಎಂಬ ಹಾಲನ್ನು ಸ್ವಲ್ಪಸ್ವಲ್ಪವಾಗಿ, ಹಗಲಿರುಳೂ ಎರಡು ಮೂರು ಗಂಟೆಗೊಮ್ಮೆ ಕೊಡುತ್ತಾರೆ. ಮಗು ಚೇತರಿಸಿಕೊಂಡ ಬಳಿಕವೇ 2.9 ಗ್ರಾಂ ಪ್ರೋಟೀನುಳ್ಳ 'ಎಫ್-100' ಬರುತ್ತದೆ.

ಕರುಳು ಉಣ್ಣಿಸುವ ಅಂಗವೂ ಹೌದು, ಉಣ್ಣುವ ಅಂಗವೂ ಹೌದು. ಹಸಿವಿನಿಂದ ಬಳಲಿದ ಕೂಸಿಗೆ ಮೊದಲ ದಿನ ತುಂಬಿದ ತಟ್ಟೆಗಿಂತ, ಹೊತ್ತು ತಪ್ಪದೆ ಬರುವ ಗುಟುಕೇ ಜೀವದಾನ.