ಗೂಟ ಬೇಡದ ಗುರಿ ಸ್ಟ್ಯಾಂಡು

ಬೈಲಹೊಂಗಲ ಸೀಮೆಯವರಿಗೆ ಗುರಿ ಹೊಡೆಯುವುದು ಹೊಸ ಮಾತಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಥ್ಯಾಕರೆಗೆ ಗುಂಡಿಟ್ಟವನೆಂದು ನಾವು ನೆನೆಯುವ ಬಾಳಪ್ಪ ಇಲ್ಲಿಯ ಅಮಟೂರಿನವನು. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆಯೂ ಇದೆ. ಹಾಗಾಗಿ ಎನ್‌ಸಿಸಿ ಸೇರಿದ ಮಗಳು ಗಾಳಿ ಬಂದೂಕಿನ ಅಭ್ಯಾಸಕ್ಕೆ ಹೊಲದಲ್ಲಿ ಜಾಗ ಕೇಳಿದಾಗ ನಾನು ಒಲ್ಲೆ ಎನ್ನಲಿಲ್ಲ.

ಹಳೆ ಕಬ್ಬಿಣದ ಪಟ್ಟಿಯೊಂದನ್ನು ಹುಗಿದು ಅದಕ್ಕೆ ರಟ್ಟು ಕಟ್ಟಿಕೊಟ್ಟೆ. ಮೂರನೇ ದಿನ ಗುಂಡು ಪಟ್ಟಿಗೆ ಬಡಿದು ಹಿಂದಕ್ಕೆ ಸಿಡಿಯಿತು. ಮಗಳ ಹುಬ್ಬಿಗೆ ತಾಗಿ ರಕ್ತ ಬಂತು. ಬೆರಳಷ್ಟು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. "ತಪ್ಪು ಆಕೀದಲ್ಲ, ನಿಂದು" ಅಂದಳು ನಮ್ಮವ್ವ. ಮಾತು ಖರೆ.

ಊರ ಬಡಿಗೇರ ಕಾಕಾನ ಹತ್ತಿರ ಹೋದೆ. "ಗೂಟ ಹುಗೀಬ್ಯಾಡೋ ತಮ್ಮಾ, ಕಾಲು ಕೊಟ್ಟು ನಿಂದರಿಸೂಣು" ಅಂದ. ವಿಚಾರ ಮಾಡಿದರೆ ಸರಿ. ಬೈಲಹೊಂಗಲ, ಸವದತ್ತಿಯ ಎರೆ ಹೊಲದಲ್ಲಿ ಮಳೆಗಾಲದಾಗ ಗೂಟ ವಾಲುತ್ತದೆ, ಬ್ಯಾಸಗ್ಯಾಗ ಬಿರುಕು ಬಿಟ್ಟು ಅಲುಗಾಡುತ್ತದೆ. ರಾಮದುರ್ಗದ ಕಲ್ಲು ನೆಲಕ್ಕೆ ಗೂಟ ಇಳಿಯುವುದೇ ಇಲ್ಲ. 10 ಮೀಟರ್ ರೈಫಲ್ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಜೋಳದ ಕಾಳಿಗಿಂತ ಎಷ್ಟೋ ಸಣ್ಣದು. ಗುರಿಯೇ ಅಲುಗಿದರೆ ಕಲಿಯುವುದೇನು?

ಮಾಡುವ ರೀತಿ

ಜಾಲಿ ಕಟ್ಟಿಗೆಯ ಎರಡು ಪಾದ ಬೇಕು. ಒಂದೊಂದು ಎರಡೂವರೆ ಅಡಿ ಉದ್ದ, 4 ಇಂಚು ಅಗಲ, 3 ಇಂಚು ದಪ್ಪ. ಎರಡಕ್ಕೂ ನಟ್ಟನಡುವೆ 2 ಇಂಚು ಉದ್ದ, 1 ಇಂಚು ಅಗಲದ ತೂತು ಆರಪಾರ ಕೊರೆಸಿ. ಪಾದಗಳ ನಡುವೆ ಒಂದೂವರೆ ಅಡಿ ಅಂತರ ಬರುವಂತೆ ಒಂದು ಅಡ್ಡಪಟ್ಟಿಯನ್ನು ಬೋಲ್ಟಿನಿಂದ ಬಿಗಿಯಿರಿ. ಬೋಲ್ಟು ಬಿಚ್ಚಿದರೆ ಎಲ್ಲ ಬೇರೆಯಾಗಬೇಕು.

ನಿಲ್ಲುವ ಪಟ್ಟಿಗಳು ಐದೂವರೆ ಅಡಿಯವು. ಇವಕ್ಕೆ ಜಾಲಿ ಬೇಡ. ಪ್ಯಾಕಿಂಗ್ ಪೆಟ್ಟಿಗೆಯ ಮೆತ್ತನ್ನ ಕಟ್ಟಿಗೆ ಸಾಕು. ಗುಂಡು ತಾಗಿದರೂ ಅದರಾಗ ಹೋಗಿ ಕೂಡುತ್ತದೆ. ಪಟ್ಟಿ ಹಾಳಾದರೆ ಬೇರೆ ಹಾಕಿದರಾಯಿತು. ತೂತಿನಲ್ಲಿ ಇಳಿಸಿ ಕಟ್ಟಿಗೆ ಬೆಣೆ ಬಡಿಯಿರಿ. ರಟ್ಟನ್ನು ಮೊಳೆ ಬಿಟ್ಟು ಸುತಳಿಯಿಂದಲೇ ಕಟ್ಟಿ. ಗುರಿ ಕಾಗದದ ನಡುಭಾಗ ನೆಲದಿಂದ 1.4 ಮೀಟರ್, ಅಂದರೆ 4 ಅಡಿ 7 ಇಂಚು ಎತ್ತರದಲ್ಲಿ ಇರಲಿ. ಹೊಡೆಯುವವರು 33 ಅಡಿ ದೂರ ನಿಲ್ಲಬೇಕು.

ಆಷಾಢದ ಗಾಳಿಗೆ ರಟ್ಟು ಹಾಯಿಯಂತೆ ಉಬ್ಬುತ್ತದೆ. ಪಾದದ ಮೇಲೆ ಉಸುಕಿನ ಚೀಲ ಹೇರಿ. ಬೋಲ್ಟೂ ಅದರ ಕೆಳಗೆ ಮುಚ್ಚಿರಲಿ. ಭಾರಕ್ಕೆಂದು ಕಲ್ಲು ಇಡಬೇಡಿ. ಕಲ್ಲೂ ಗುಂಡನ್ನು ಹಿಂದಕ್ಕೆ ಕಳಿಸುತ್ತದೆ.

ಮರೆಯಬಾರದ್ದು

ಸ್ಟ್ಯಾಂಡು ಗುರಿಯನ್ನು ಹಿಡಿಯುತ್ತದೆಯೇ ಹೊರತು ಗುಂಡನ್ನು ತಡೆಯುವುದಿಲ್ಲ. ಅದರ ಹಿಂದೆ ಸಾಣಿಸಿದ ಮಣ್ಣಿನ ಚೀಲಗಳನ್ನು ಆಳೆತ್ತರ ಮೀರಿ ಒಟ್ಟಿದ್ದೇವೆ. ಅದರಾಚೆ ದಾರಿಯಾಗಲಿ, ದನ ಕಟ್ಟುವ ಜಾಗವಾಗಲಿ ಇರಬಾರದು. ಕಣ್ಣಿಗೆ ಗಟ್ಟಿ ಕನ್ನಡಕ ಬೇಕೇ ಬೇಕು. ಗುಂಡು ಸೀಸದ್ದು, ಮೇವಿನೊಡನೆ ದನದ ಹೊಟ್ಟೆಗೆ ಹೋದರೆ ವಿಷ. ಆದ್ದರಿಂದ ಮೇವಿನ ಹೊಲ ಬಿಟ್ಟು ಬೇರೆ ಕಡೆ ಇಡಿ, ಬಿದ್ದ ಗುಂಡು ಆರಿಸಿಕೊಳ್ಳಿ, ಕೈ ತೊಳೆಯಿರಿ.

ಕಟ್ಟಿಗೆ ಮನೆಯದೇ. ಬೋಲ್ಟಿಗೂ ಕಾಕಾನ ಮಜೂರಿಗೂ ಸೇರಿ ಖರ್ಚಾದದ್ದು 600 ರೂಪಾಯಿ. ಬಿಚ್ಚಿದರೆ ಸೈಕಲ್ ಮೋಟರಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಮಗಳ ಹುಬ್ಬಿನ ಮೇಲಿನ ಕಲೆ ಇನ್ನೂ ಇದೆ. ಅದನ್ನು ಕಂಡಾಗೆಲ್ಲ ಎದ್ದು ಹೋಗಿ ಬೆಣೆ, ಚೀಲ ಇನ್ನೊಮ್ಮೆ ನೋಡಿ ಬರುತ್ತೇನೆ.