ಕೆರೆ ಮೀನುಗಳ ಹುಣ್ಣುರೋಗ: ರೋಗಾಣು ಉಳಿಯುವ ಬಗೆ ಮತ್ತು ಮುನ್ನೆಚ್ಚರಿಕೆ

ಗ್ರಾಮ ಪಂಚಾಯಿತಿ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮತ್ತು ಸಾಮಾನ್ಯ ಗೆಂಡೆ ಮೀನುಗಳ ಮೈಮೇಲೆ ಕೆಂಪು ಕಲೆ, ಹುಣ್ಣು ಅಥವಾ ಹೊಟ್ಟೆಯುಬ್ಬರ ಕಂಡುಬಂದಲ್ಲಿ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುವ ಸಾಧ್ಯತೆ ಇರುತ್ತದೆ. ಈ ರೋಗಾಣು ಹೊರಗಿನಿಂದಲೇ ಬರಬೇಕೆಂದಿಲ್ಲ. ಕೆರೆಯ ನೀರು ಮತ್ತು ಕೆಸರಿನಲ್ಲಿ ಸಹಜವಾಗಿಯೇ ನೆಲೆಸಿರುತ್ತದೆ.

ಆಹಾರ ದೊರೆಯದಿದ್ದಾಗ ಅದು ತನ್ನ ಬೆಳವಣಿಗೆಯನ್ನು ಕುಗ್ಗಿಸಿಕೊಂಡು ಬದುಕುಳಿಯುತ್ತದೆ. ಕಲ್ಲು, ಬಲೆ ಮುಂತಾದವುಗಳಿಗೆ ಅಂಟಿಕೊಂಡು ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಆ ಪದರದೊಳಗಿನ ರೋಗಾಣುಗಳಿಗೆ ಔಷಧಿ ಸುಲಭವಾಗಿ ತಾಗುವುದಿಲ್ಲ. ಪ್ರತಿಜೀವಕಗಳನ್ನು ಮನಬಂದಂತೆ ಬಳಸಿದಲ್ಲಿ ಔಷಧಿಗೆ ಬಗ್ಗದ ತಳಿಗಳೇ ಉಳಿದು ಹೆಚ್ಚುತ್ತವೆ.

ಆರೋಗ್ಯವಂತ ಮೀನಿನ ಚರ್ಮ ಮತ್ತು ಮೈಲೋಳೆ ರೋಗಾಣುವನ್ನು ತಡೆಯುತ್ತವೆ. ಮರಿ ಬಿತ್ತನೆ ಮಿತಿ ಮೀರಿದಾಗ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಾಗೂ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಬಹಳ ಕೆಳಗಿಳಿದಾಗ ಮೀನು ಬಳಲುತ್ತದೆ. ಆಗ ರೋಗಾಣು ಗಾಯ, ಕಿವಿರುಗಳ ಮೂಲಕ ಒಳಹೊಕ್ಕು, ರಕ್ತಕಣಗಳನ್ನು ಒಡೆಯುವ ವಿಷವನ್ನು ಸ್ರವಿಸುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಆಮ್ಲಜನಕದ ಕೊರತೆಯ ಮೊದಲ ಸೂಚನೆ.

ಆದ್ದರಿಂದ ಮೀನು ಪಾಶುವಾರು ಹಕ್ಕನ್ನು ಹರಾಜು ಮಾಡುವಾಗ, ನೀರಿನ ವಿಸ್ತೀರ್ಣಕ್ಕೆ ತಕ್ಕಷ್ಟೇ ಮರಿ ಬಿತ್ತುವುದು, ಬಲೆಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುವುದು ಮತ್ತು ಸತ್ತ ಮೀನುಗಳನ್ನು ಕೆರೆಯಿಂದ ದೂರದಲ್ಲಿ ಸುಣ್ಣದೊಡನೆ ಹೂಳುವುದು ಎಂಬ ಷರತ್ತುಗಳನ್ನು ವಿಧಿಸುವುದು ಸೂಕ್ತ. ಈ ರೋಗಾಣು ಮನುಷ್ಯರ ಗಾಯಕ್ಕೂ ಸೋಂಕು ತರಬಲ್ಲದಾದ್ದರಿಂದ ಗಾಯವುಳ್ಳವರು ಆ ನೀರಿಗಿಳಿಯದಂತೆ ತಿಳಿವಳಿಕೆ ನೀಡಬೇಕು. ರೋಗಲಕ್ಷಣ ಕಂಡೊಡನೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಗಮನಕ್ಕೆ ತರತಕ್ಕದ್ದು.