ತೀರ್ಪುಗಾರನಿಲ್ಲದ ಟೆನಿಸ್

೨೦೨೫ರಲ್ಲಿ ವಿಂಬಲ್ಡನ್ನಿನವರು ಗೆರೆ ಕಾಯುವವರನ್ನು ಕೈಬಿಟ್ಟು ಆ ಕಾರ್ಯವನ್ನು ಯಂತ್ರಕ್ಕೆ ಒಪ್ಪಿಸಿದರು. ಬಿಸಿಲೇರುವ ಮುನ್ನವೇ ಆಟ ಮುಗಿಸಬೇಕಾದ ನಾಗಪುರದ ನಮ್ಮ ಹವ್ಯಾಸಿಗಳಿಗೆ ಯಂತ್ರವೆಲ್ಲಿಯದು? ಇಲ್ಲಿ ವಾದಿಯೂ ತಾನೇ, ನ್ಯಾಯಾಧೀಶನೂ ತಾನೇ!

ಇಂತಹ ಆಟಕ್ಕೂ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ವಿಧಿಯುಂಟು. ಬಲೆಯ ತನ್ನ ಬದಿಯಲ್ಲಿ ಬಿದ್ದ ಚೆಂಡಿನ ತೀರ್ಪು ಆಯಾ ಆಟಗಾರನದು. ಸಂಶಯದ ಲಾಭ ಮಾತ್ರ ಎದುರಾಳಿಗೆ. ‘ಸರಿಯಾಗಿ ಕಾಣಲಿಲ್ಲ, ಮತ್ತೆ ಆಡೋಣ’ ಎಂಬ ನಮ್ಮ ರೂಢಿಯ ರಾಜಿಯು ಸೌಜನ್ಯದಂತೆ ತೋರುತ್ತದೆ. ವಾಸ್ತವವಾಗಿ ಅದು ಅನ್ಯರ ಅಂಕದಲ್ಲಿ ಪಾಲು ಕೇಳಿದಂತೆ. ಡಬಲ್ಸಿನಲ್ಲಿ ಜೊತೆಗಾರರಿಬ್ಬರಲ್ಲಿ ಒಬ್ಬರು ‘ಒಳಗೆ’, ಇನ್ನೊಬ್ಬರು ‘ಹೊರಗೆ’ ಎಂದರೆ ಅದಕ್ಕಿಂತ ದೊಡ್ಡ ಸಂಶಯ ಬೇರೆ ಯಾವುದು? ತಪ್ಪಾಗಿ ‘ಔಟ್’ ಎಂದು ಕೂಗಿ ತಿದ್ದಿಕೊಂಡವನಿಗೆ ಪಂದ್ಯದಲ್ಲಿ ಒಮ್ಮೆ ಮಾತ್ರ ಮರು ಆಟದ ಕ್ಷಮೆ. ಎರಡನೆಯ ಸಲ ಅಂಕವೇ ಹೋಗುತ್ತದೆ. ಹೊಡೆತವು ಅಂಕ ಗೆಲ್ಲುವಂತಹುದಾಗಿದ್ದರೆ ಮೊದಲ ಸಲವೂ ಕ್ಷಮೆಯಿಲ್ಲ.

ವಿಚಿತ್ರಗಳೂ ಉಂಟು. ನಮ್ಮ ಬದಿಯಲ್ಲಿ ಪುಟಿದ ಚೆಂಡನ್ನು ಬೇಸಿಗೆಯ ಬಿಸಿಗಾಳಿ ಎದುರು ಬದಿಗೆ ಮರಳಿಸಿದರೆ, ಬಲೆಯನ್ನು ಮುಟ್ಟದೆ ಮೇಲಿನಿಂದ ಕೈಚಾಚಿ ಹೊಡೆಯಬಹುದು. ಹೊರಗೆ ಬೀಳಲಿರುವ ಚೆಂಡನ್ನು ನೆಲ ಮುಟ್ಟುವ ಮುನ್ನ ಉಪಕಾರಕ್ಕೆಂದು ಹಿಡಿದರೆ, ಅಂಗಳದ ಹೊರಗೆ ನಿಂತಿದ್ದರೂ ಅಂಕ ನಷ್ಟ. ಪರಿಚಿತರ ಆಟದಲ್ಲಿ ಇದನ್ನು ಯಾರೂ ಹಿಡಿದು ಕೇಳುವುದಿಲ್ಲವೆನ್ನಿ!

ಮಣ್ಣಿನ ಅಂಗಳದಲ್ಲಿ ಚೆಂಡಿನ ಗುರುತೇ ಸಾಕ್ಷಿ. ಎದುರಾಳಿ ಅದನ್ನು ತೋರಿಸೆಂದು ಕೇಳಬಹುದು, ಬಲೆ ದಾಟಿ ಬಂದು ನೋಡಲೂಬಹುದು. ಅಷ್ಟರೊಳಗೆ ಗುರುತನ್ನು ಕಾಲಿನಿಂದ ಅಳಿಸಿದವನು ವಾದವನ್ನು ಬಿಟ್ಟುಕೊಟ್ಟಂತೆಯೇ ಲೆಕ್ಕ.